ಸೊಂಟದ ಪಿಸ್ತೂಲು ಯಾರ ಅಂಕೆಯಲ್ಲಿ?

ಗಣಿಯ ಭರಾಟೆಯ ಕಾಲದಲ್ಲಿ ಹೊಸಪೇಟೆಯ ಕಲ್ಯಾಣಮಂಟಪಗಳಲ್ಲಿ ಮದುವೆ ಊಟ ಉಂಡವರಿಗೆ ಒಂದು ನೋಟ ನೆನಪಿರುತ್ತದೆ. ಬಿಳಿ ಅಂಗಿಯ ಸಾಹುಕಾರರು ಅಕ್ಷತೆ ಹಾಕಲು ವೇದಿಕೆ ಹತ್ತುತ್ತಿದ್ದರು. ಅವರ ಹಿಂದೆ ಎರಡು ಹೆಜ್ಜೆ ಬಿಟ್ಟು ಸಫಾರಿ ತೊಟ್ಟ ಗನ್‌ಮ್ಯಾನ್. ಸಫಾರಿಯ ಬಲಮಗ್ಗುಲು ಉಬ್ಬಿರುತ್ತಿತ್ತು. ಆ ಉಬ್ಬನ್ನು ಮರೆಮಾಡಲು ಆತನಿಗೆ ಬರುತ್ತಿರಲಿಲ್ಲ ಎಂದಲ್ಲ. ಮರೆಮಾಡುವುದು ಯಾರಿಗೂ ಬೇಕಿರಲಿಲ್ಲ.

ಚೀನಾದಲ್ಲಿ ಉಕ್ಕಿನ ಬೇಡಿಕೆ ಏರಿ, ಸಂಡೂರಿನ ಗುಡ್ಡಗಳ ಕೆಮ್ಮಣ್ಣಿಗೆ ಎಲ್ಲಿಲ್ಲದ ಬೆಲೆ ಬಂದ 2000ದ ದಶಕ ಅದು. ಹೆಲಿಕಾಪ್ಟರು, ವಿದೇಶಿ ಕಾರು, ಗನ್‌ಮ್ಯಾನ್ ಮೂರೂ ಒಂದೇ ಪಂಕ್ತಿಯಲ್ಲಿ ಕೂತಿದ್ದವು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಅದಿರಿನ ಲಾರಿಗಳು ಸಾಲುಗಟ್ಟಿ ನಿಂತವು. ಸೊಂಟದಲ್ಲಿ ಆಯುಧವಿದ್ದರೆ ಮರ್ಯಾದೆ ಎಂಬ ಎಣಿಕೆ ಮಾತ್ರ ನಿಲ್ಲಲಿಲ್ಲ.

ರಿವಾಲ್ವರ್ ಇರಲಿ, ಪಿಸ್ತೂಲಿರಲಿ, ಅದನ್ನು ಮೈಮೇಲೆ ಎಲ್ಲಿ ಇಟ್ಟುಕೊಳ್ಳಬೇಕು, ಇಟ್ಟುಕೊಂಡದ್ದು ಇನ್ನೊಬ್ಬರ ಕೈಗೆ ಹೋಗದಂತೆ ಹೇಗೆ ಕಾಯಬೇಕು ಎಂಬುದನ್ನು ಹೊರದೇಶಗಳ ಪೊಲೀಸರು, ತರಬೇತುದಾರರು ದಶಕಗಳಿಂದ ಚರ್ಚಿಸಿದ್ದಾರೆ. ನಮ್ಮ ಕಡೆ ಮಾತು ಲೈಸೆನ್ಸ್ ಕೊಡಿಸುವವರು ಯಾರು ಎಂಬಲ್ಲಿಗೇ ಮುಗಿಯುತ್ತದೆ. ಲೈಸೆನ್ಸ್ ಕೈಗೆ ಬಂದ ಮರುದಿನ ಆ ಮುಕ್ಕಾಲು ಕಿಲೋ ಕಬ್ಬಿಣವನ್ನು ಎಲ್ಲಿ ಸಿಕ್ಕಿಸಿಕೊಳ್ಳುವುದು? ನನ್ನ ಲೆಕ್ಕದಲ್ಲಿ ಲೈಸೆನ್ಸಿಗಿಂತ ಈ ಪ್ರಶ್ನೆಯೇ ದೊಡ್ಡದು.

ಮೊದಲು ಕಾಯ್ದೆಯನ್ನು ನೋಡೋಣ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿಯವರು ಅರ್ಜಿ ಹಿಡಿದು ಹೋಗುವುದು ಹೊಸಪೇಟೆಯ ಜಿಲ್ಲಾಧಿಕಾರಿ ಕಚೇರಿಗೆ. ಸಂಡೂರು, ಕಂಪ್ಲಿಯವರು ಹೋಗಬೇಕಾದ್ದು ಈಗಲೂ ಬಳ್ಳಾರಿಗೆ. ಕಚೇರಿ ಯಾವುದಾದರೂ ಕಾಯ್ದೆ ಒಂದೇ, 1959ರ ಆಯುಧ ಕಾಯ್ದೆ. 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ, ಮೊದಲು ಮೂರಕ್ಕೆ ಅವಕಾಶವಿತ್ತು. ಲೈಸೆನ್ಸಿನ ಅವಧಿ 3 ವರ್ಷದಿಂದ 5ಕ್ಕೆ ಏರಿತು. 9 ಎಂ.ಎಂ., .38ರಂಥವು ನಿಷೇಧಿತ ಬೋರಿನವು. ಹಾಗಾಗಿ ನಾಗರಿಕರ ಸೊಂಟದಲ್ಲಿ ಕಾನೂನುಬದ್ಧವಾಗಿ ಇರುವುದು ಬಹುಮಟ್ಟಿಗೆ .32 ಬೋರು: ಕಾನ್ಪುರದ ಸರ್ಕಾರಿ ಕಾರ್ಖಾನೆಯ ಆರು ಗುಂಡಿನ ರಿವಾಲ್ವರ್, ಇಲ್ಲವೇ ಇಷಾಪುರದ ಅಶಾನಿ ಪಿಸ್ತೂಲು.

ಒಯ್ಯುವ ರೀತಿಯ ಬಗ್ಗೆ ಕಾಯ್ದೆಯಲ್ಲಿ ಏನೂ ಇಲ್ಲ ಎಂದುಕೊಂಡವರೇ ಹೆಚ್ಚು. 2016ರ ಆಯುಧ ನಿಯಮಗಳನ್ನು ತೆರೆದರೆ ಮಾತು ನೇರವಾಗಿದೆ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಒಯ್ಯುವವರು ಅದಕ್ಕೆಂದೇ ಮಾಡಿದ, ಮೈಗೆ ಬಿಗಿದ ಹೋಲ್‌ಸ್ಟರ್‌ನಲ್ಲೋ ಅಂಥದೇ ಚೀಲದಲ್ಲೋ ಇಟ್ಟಿರಬೇಕು. ಅದು ಪೂರ್ತಿ ಮುಚ್ಚಿರಬೇಕು. ಒಯ್ಯುವವರಿಗೆ ಅದರ ಮೇಲೆ ಪರಿಣಾಮಕಾರಿ ಹತೋಟಿ ಇರಬೇಕು. ಮುಚ್ಚಿಡು, ಹತೋಟಿಯಲ್ಲಿಡು: ತರಬೇತುದಾರರು ಪುಟಗಟ್ಟಲೆ ಬರೆದದ್ದನ್ನು ನಿಯಮ ಎರಡೇ ಮಾತಿನಲ್ಲಿ ಹೇಳಿ ಮುಗಿಸಿದೆ. ಮದುವೆ ಮನೆಯಲ್ಲಿ ಅಂಗಿ ಸರಿಸಿ ಹಿಡಿಕೆ ತೋರಿಸುವುದು ಪೊಗರಷ್ಟೇ ಅಲ್ಲ, ನಿಯಮದ ಉಲ್ಲಂಘನೆ.

ಲೈಸೆನ್ಸ್ ಪುಸ್ತಕದ ಷರತ್ತುಗಳಲ್ಲಿ ಇನ್ನೊಂದಿದೆ. ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ಸೇರುವ ಸಭೆಗೆ, ಶಿಕ್ಷಣ ಸಂಸ್ಥೆಯ ಆವರಣಕ್ಕೆ ಆಯುಧ ಒಯ್ಯುವಂತಿಲ್ಲ. ಇದನ್ನು ಹಂಪಿಯ ನಕಾಶೆಯ ಮೇಲಿಟ್ಟು ನೋಡಿ. ವಿರೂಪಾಕ್ಷನ ತೇರು ಜಾತ್ರೆ, ಹಂಪಿ ಉತ್ಸವ ಜನಸಂದಣಿ, ವಿದ್ಯಾರಣ್ಯದ ಕನ್ನಡ ವಿಶ್ವವಿದ್ಯಾಲಯ ಶಿಕ್ಷಣ ಸಂಸ್ಥೆ. ಸೊಂಟಕ್ಕೆ ರಿವಾಲ್ವರ್ ಕಟ್ಟಿಕೊಂಡು ಹಂಪಿ ಸುತ್ತುತ್ತೇನೆ ಎನ್ನುವವರಿಗೆ ಹಬ್ಬದ ದಿನ ಉಳಿಯುವ ಜಾಗ ಅಷ್ಟರಲ್ಲೇ ಇದೆ. ಸಂಭ್ರಮಕ್ಕೆಂದು ಗಾಳಿಯಲ್ಲಿ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕೈಗೆ ಹತ್ತಿರದ ಆಯುಧವನ್ನು ಮೈಮೇಲೆ ಇಟ್ಟುಕೊಳ್ಳುವ ಪ್ರಶ್ನೆ ಈ ನೆಲಕ್ಕೆ ಹೊಸತಲ್ಲ. ವಿಜಯನಗರದ ರಾಜಲಾಂಛನದಲ್ಲೇ ವರಾಹದ ಎದುರು ನೆಟ್ಟಗೆ ನಿಂತ ಕಠಾರಿ ಇದೆ. ಸಾಳುವರ ಬಿರುದೇ ಕಠಾರಿ ಸಾಳುವ. ಕಮಲಾಪುರದ ಪುರಾತತ್ವ ಸಂಗ್ರಹಾಲಯದಲ್ಲಿ ಆ ಕಾಲದ ಆಯುಧಗಳನ್ನು ನೋಡಬಹುದು. ಕಠಾರಿಯ ಹಿಡಿಕೆ ಗಮನಿಸಬೇಕಾದ್ದು. ಅಲಗಿನ ನೇರಕ್ಕೆ ಹಿಡಿಕೆ ಇರುವ ಬಾಕಿನಂತಲ್ಲ ಅದು. ಎರಡು ಪಟ್ಟಿಗಳ ನಡುವೆ ಅಡ್ಡಲಾಗಿ ಹಿಡಿಕೆ, ಮುಷ್ಟಿ ಅದರೊಳಗೆ ಕೂರುತ್ತದೆ, ಪಟ್ಟಿಗಳು ಮುಂಗೈಯ ಎರಡೂ ಬದಿಗೆ ಚಾಚುತ್ತವೆ. ವಿಜಯನಗರ, ತಂಜಾವೂರಿನ ಕಡೆಯ ಹಲವು ಕಠಾರಿಗಳಲ್ಲಿ ಮುಷ್ಟಿಯ ಮೇಲೆ ಹೆಡೆಯಂಥ ಕಾಪೂ ಇರುತ್ತದೆ. ಇಕ್ಕಟ್ಟಿನ ಕಾಳಗದಲ್ಲಿ ಎದುರಾಳಿ ಇದನ್ನು ಕೈಯಿಂದ ಕಿತ್ತುಕೊಳ್ಳುವುದು ಸುಲಭವಲ್ಲ. ಆಯುಧ ತನ್ನದಾಗಿಯೇ ಉಳಿಯಬೇಕೆಂಬ ಕಾಳಜಿಯನ್ನು ಕಮ್ಮಾರ ಹಿಡಿಕೆಯಲ್ಲೇ ಬೆಸೆದಿದ್ದಾನೆ.

ಕೊಡಗಿನವರು ಇದೇ ಕಾಳಜಿಯನ್ನು ಉಡುಪಿನಲ್ಲಿ ತೀರಿಸಿದರು. ಕುಪ್ಪಸದ ಮೇಲೆ ಬಿಗಿದ ಚೇಲೆಯ ಮುಂಭಾಗದಲ್ಲಿ ಪೀಚೆಕತ್ತಿ, ಅದಕ್ಕೆ ಸರಪಳಿ. ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಕೊಂಡಿ, ಅದರಲ್ಲಿ ಅಗಲ ಅಲಗಿನ ಒಡಿಕತ್ತಿ. ಪೊಲೀಸರ ರಿವಾಲ್ವರಿಗೆ ಕಟ್ಟುವ ಲ್ಯಾನ್‌ಯಾರ್ಡ್ ಹುರಿಯ ಕೆಲಸವೂ ಆ ಸರಪಳಿಯ ಕೆಲಸವೂ ಬೇರೆಯಲ್ಲ: ಕೈ ಜಾರಿದರೂ ಆಯುಧ ನೆಲಕ್ಕೆ ಬೀಳಬಾರದು. ಹಳಬರು ಒರೆಯೋ ಕೊಂಡಿಯೋ ಇಲ್ಲದೆ ಅಲಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಲಿಲ್ಲ. ಒರೆಯಿಲ್ಲದ ಪಿಸ್ತೂಲನ್ನು ಪ್ಯಾಂಟಿಗೆ ಸಿಕ್ಕಿಸಿಕೊಳ್ಳುವ ಬುದ್ಧಿ ನಮಗೆ ಬಂದದ್ದು ಸಿನಿಮಾದಿಂದ.

ಸಿನಿಮಾದ ಆ ಪದ್ಧತಿಯನ್ನೇ ಮೊದಲು ತಳ್ಳಿಹಾಕೋಣ. ಬರೀ ಸೊಂಟಕ್ಕೆ ಸಿಕ್ಕಿಸಿದ ಪಿಸ್ತೂಲು ನಡೆದಂತೆಲ್ಲ ಜಾರುತ್ತದೆ. ಜಾರಿದ್ದನ್ನು ಹಿಡಿಯಲು ಹೋದ ಬೆರಳು ಟ್ರಿಗರ್‌ಗೆ ತಾಗುತ್ತದೆ. ಹೋಲ್‌ಸ್ಟರ್‌ನ ಮೊದಲ ಕೆಲಸ ಟ್ರಿಗರನ್ನು ಮುಚ್ಚುವುದು. ಎರಡನೆಯದು ಆಯುಧ ಪ್ರತಿಸಲ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಸಿಗುವಂತೆ ನಿಲ್ಲಿಸುವುದು. ಮೂರನೆಯದು ಬೇರೆಯವರು ಎಳೆದರೆ ಬಿಡದಿರುವುದು. ತೊಗಲಿನದಾಗಲಿ ಗಟ್ಟಿ ಪ್ಲಾಸ್ಟಿಕ್ಕಿನದಾಗಲಿ, ಆ ಮಾದರಿಯ ಅಳತೆಗೇ ಮಾಡಿದ್ದಾಗಿರಬೇಕು. ಬಜಾರಿನಲ್ಲಿ ಸಿಗುವ, ಯಾವುದಕ್ಕೂ ಆಗುತ್ತದೆ ಎನ್ನುವ ಬಟ್ಟೆಯ ಚೀಲ ಯಾವುದಕ್ಕೂ ಆಗುವುದಿಲ್ಲ.

ಲೋಕದಲ್ಲಿ ಅತಿ ಹೆಚ್ಚು ಒಪ್ಪಿತವಾದ ಜಾಗ ಬಲಗೈಯವರಿಗೆ ಬಲಸೊಂಟ, ಟೊಂಕದ ಮೂಳೆಯ ತುಸು ಹಿಂದೆ. ಕೈ ಸಹಜವಾಗಿ ಅಲ್ಲಿಗೆ ಹೋಗುತ್ತದೆ, ಮೊಳಕೈಯನ್ನು ಮೈಗೆ ಒತ್ತಿದರೆ ಹಿಡಿಕೆಗೆ ತಾನೇ ಕಾವಲು ಬೀಳುತ್ತದೆ. ಪ್ಯಾಂಟಿನ ಹೊರಗೆ ಕಟ್ಟಿದರೆ ಆರಾಮ, ಒಳಗೆ ಕಟ್ಟಿದರೆ ಮರೆ. ಒಳಗಿನದು ನಮ್ಮ ಏಪ್ರಿಲ್–ಮೇ ಬಿಸಿಲಿಗೆ ಬೆವರಲ್ಲಿ ತೊಯ್ದು ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಒರೆಸಿ ಎಣ್ಣೆ ಸವರದಿದ್ದರೆ ಮಳೆಗಾಲಕ್ಕೆ ಅದು ಆಯುಧವಾಗಿ ಉಳಿದಿರುವುದಿಲ್ಲ. ಸಂಡೂರು, ತೋರಣಗಲ್ಲಿನ ಕಡೆ ಓಡಾಡುವವರಿಗೆ ಎಣ್ಣೆಯೂ ಎರಡಲಗಿನ ಕತ್ತಿ: ಹೆಚ್ಚಾದರೆ ಅದಿರಿನ ಕೆಂಧೂಳು ಅದಕ್ಕೆ ಮೆತ್ತಿ ಒಳಗಿನ ಭಾಗಗಳಲ್ಲಿ ಕೆಸರಾಗುತ್ತದೆ. ಎಲ್ಲಕ್ಕಿಂತ ಮೊದಲು ಬೇಕಾದ್ದು ದಪ್ಪನೆಯ, ಮಡಚಿಕೊಳ್ಳದ ಬೆಲ್ಟು. ಸುಮಾರು 700 ಗ್ರಾಂ ತೂಗುವ ರಿವಾಲ್ವರನ್ನು ಹಬ್ಬದ ಪ್ಯಾಂಟಿನ ತೆಳು ಬೆಲ್ಟು ತಡೆಯುವುದಿಲ್ಲ. ಇನ್ನು ಪಂಚೆ ಉಟ್ಟ ಯಜಮಾನರ ಸಮಸ್ಯೆಗೆ ನನ್ನ ಬಳಿ ಉತ್ತರ ಒಂದೇ: ಪಂಚೆ ಉಟ್ಟ ದಿನ ಪಿಸ್ತೂಲು ಬೇಡ. ಉಡಿದಾರವನ್ನು ನಂಬಿ ಆಯುಧ ಕಟ್ಟಬಾರದು.

ಬೆನ್ನ ಹಿಂದೆ, ಸರಿಯಾಗಿ ಬೆನ್ನುಹುರಿಯ ಮೇಲೆ ಸಿಕ್ಕಿಸುವವರಿದ್ದಾರೆ. ಚೆನ್ನಾಗಿ ಮರೆಯಾಗುತ್ತದೆ, ನಿಜ. ಬೈಕಿನಿಂದ ಅಂಗಾತ ಬಿದ್ದರೆ ಬೆನ್ನೆಲುಬಿಗೂ ಡಾಂಬರಿಗೂ ನಡುವೆ ಸಿಗುವುದು ಉಕ್ಕು. ಹಿಂದಿನಿಂದ ಯಾರು ಕೈ ಹಾಕಿದರು ಎಂಬುದೂ ಕಾಣದು. ಹೊಟ್ಟೆಯ ಮುಂಭಾಗ, ಹೊಕ್ಕುಳಿನ ಬಲಕ್ಕೆ ಕಟ್ಟುವುದು ಈಚೆಗೆ ಅಮೆರಿಕದಲ್ಲಿ ಬಹಳ ಮೆಚ್ಚುಗೆ ಪಡೆದ ರೀತಿ. ಎರಡು ಕೈಯಿಂದಲೂ ಕಾಯಬಹುದು, ಕೂತಾಗಲೂ ತೆಗೆಯಬಹುದು. ಆದರೆ ಕೂತಾಗ ನಳಿಗೆಯ ಬಾಯಿ ತೊಡೆಯ ದೊಡ್ಡ ರಕ್ತನಾಳದ ಕಡೆಗೇ ಇರುತ್ತದೆ. ವರ್ಷಗಟ್ಟಲೆ ಅಭ್ಯಾಸ ಇದ್ದವರಿಗೆ ಬಿಟ್ಟರೆ ಇದನ್ನು ಯಾರಿಗೂ ಹೇಳಲಾರೆ. ಊಟದ ನಂತರ ಹೊಟ್ಟೆ ಮುಂದೆ ಬರುವ ನಮ್ಮ ಸಾಹುಕಾರರಿಗಂತೂ ಅಲ್ಲವೇ ಅಲ್ಲ.

ಭುಜಕ್ಕೆ ಪಟ್ಟಿ ಹಾಕಿ ಕಂಕುಳಲ್ಲಿ ತೂಗುಬಿಡುವುದಕ್ಕೆ ಮೇಲೆ ಕೋಟು ಬೇಕು. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಕೋಟು ತೊಟ್ಟವನನ್ನು ಊರೇ ತಿರುಗಿ ನೋಡುತ್ತದೆ, ಮರೆಮಾಚಿದ ಪ್ರಯೋಜನ ಅಲ್ಲಿಗೇ ಹೋಯಿತು. ಅಡ್ಡಲಾಗಿ ಮಲಗಿದ ನಳಿಗೆ ಹಿಂದೆ ನಿಂತವರತ್ತ ಮುಖ ಮಾಡಿರುತ್ತದೆ, ಹಿಡಿಕೆಯು ಎದುರು ನಿಂತವನ ಕೈಗೆ ಒಪ್ಪಿಸಿದಂತೆ ಮುಂದಕ್ಕಿರುತ್ತದೆ. ಕಣಕಾಲಿನದು ಬೇಗ ತೆಗೆಯಲಾಗದ ಜಾಗ, ಬಿಡೋಣ. ಕಿಸೆಯಲ್ಲಿ ಇಡುವುದಾದರೆ ಕಿಸೆಗೆಂದೇ ಮಾಡಿದ ಒರೆ ಬೇಕು, ಆ ಕಿಸೆಯಲ್ಲಿ ಬೀಗದ ಕೈ, ಸುಣ್ಣದ ಡಬ್ಬಿ, ಚಿಲ್ಲರೆ ಯಾವುದೂ ಇರಬಾರದು.

ಚೀಲದ ವಿಷಯದಲ್ಲಿ ತುಸು ನಿಲ್ಲಬೇಕು. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಘಟನೆಯ ನಂತರ, 2014ರ ಜನವರಿಯಲ್ಲಿ ಕಾನ್ಪುರದ ಕಾರ್ಖಾನೆ ನಿರ್ಭೀಕ್ ಎಂಬ ಅರ್ಧ ಕಿಲೋ ತೂಕದ .32 ರಿವಾಲ್ವರ್ ತಂದಿತು. ಹೆಂಗಸರ ಕೈಚೀಲದಲ್ಲಿ ಕೂರುತ್ತದೆ ಎಂಬುದೇ ಪ್ರಚಾರ. ಬೆಲೆ 1 ಲಕ್ಷ 20 ಸಾವಿರ ದಾಟಿತ್ತು. ರಿವಾಲ್ವರ್ ಹಗುರವಾದದ್ದು ಒಳ್ಳೆಯದೇ. ಆದರೆ ಕೈಚೀಲ ಎಂಬುದು ಕಳ್ಳ ಮೊದಲು ಕೈ ಹಾಕುವ ವಸ್ತು. ಬಸ್‌ಸ್ಟ್ಯಾಂಡಿನಲ್ಲಿ ಕಾಲ ಬುಡದಲ್ಲಿಟ್ಟು, ಹೋಟೆಲಿನಲ್ಲಿ ಕುರ್ಚಿಗೆ ತೂಗುಹಾಕಿ, ಮದುವೆ ಮನೆಯಲ್ಲಿ ಅಕ್ಕನ ಮಗಳ ಕೈಗೆ ಕೊಟ್ಟು ಹೋಗುವ ವಸ್ತು. ಒಳಗೊಂದು ಬೇರೆ ಅರೆ, ಅದರಲ್ಲಿ ಟ್ರಿಗರ್ ಮುಚ್ಚುವ ಒರೆ, ಚೀಲ ಸದಾ ಹೆಗಲಲ್ಲಿ: ಈ ಮೂರೂ ಇಲ್ಲದಿದ್ದರೆ ಅದನ್ನು ಹತೋಟಿ ಎನ್ನಲಾಗದು. ಕಾರಿನ ಡ್ಯಾಶ್‌ಬೋರ್ಡ್ ಇದಕ್ಕಿಂತ ಕಡೆ. ಅಲ್ಲಿಟ್ಟು ಇಳಿದು ಹೋದರೆ ಆಯುಧ ಗಾಜು ಒಡೆಯುವವನ ಅದೃಷ್ಟಕ್ಕೆ ಬಿಟ್ಟದ್ದು. ಕಳೆದುಹೋದರೆ ಕೂಡಲೇ ಠಾಣೆಗೆ ತಿಳಿಸಬೇಕೆಂಬ ಷರತ್ತು ಲೈಸೆನ್ಸಿನಲ್ಲೇ ಇದೆ. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ ವಿಮಾನ ಹತ್ತುವವರು ಮೊದಲೇ ತಿಳಿಸಿ, ಗುಂಡು ತೆಗೆದು, ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿ ಒಪ್ಪಿಸಬೇಕು. ಸೊಂಟದಲ್ಲಿಟ್ಟು ಮರೆತೆ ಎಂಬ ನೆಪವನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ಕಿತ್ತುಕೊಳ್ಳುವವರಿಂದ ಕಾಯುವ ಮಾತು. ಅಮೆರಿಕದ ಪೊಲೀಸರು ಇದನ್ನು ಪ್ರಾಣ ತೆತ್ತು ಕಲಿತರು: ತಮ್ಮದೇ ಸೊಂಟದಿಂದ ಕಿತ್ತ ಆಯುಧಕ್ಕೆ ಬಲಿಯಾದವರು ಅವರಲ್ಲಿ ಅನೇಕರು. 1970ರ ದಶಕದಲ್ಲಿ ಕಾನ್ಸಾಸ್ ಸಿಟಿ ಪೊಲೀಸ್ ತರಬೇತುದಾರ ಜಿಮ್ ಲಿಂಡೆಲ್ ಇದಕ್ಕೊಂದು ಕ್ರಮಬದ್ಧ ಪಾಠ ರೂಪಿಸಿದರು. ತಿರುಳು ಸರಳ: ಕೈ ಹಾಕಿದ್ದು ತಿಳಿದ ಕ್ಷಣ ಎರಡೂ ಕೈಯಿಂದ ಹಿಡಿಕೆಯನ್ನು ಒರೆಯೊಳಕ್ಕೇ ಅದುಮಬೇಕು, ಮೈಯನ್ನು ತಿರುಗಿಸಿ ಅವನ ಹಿಡಿತ ಬಿಡಿಸಬೇಕು, ದೂರ ಸರಿಯಬೇಕು. ಎಫ್‌ಬಿಐಯಲ್ಲಿದ್ದ ಬಿಲ್ ರೋಜರ್ಸ್ ಒರೆಯನ್ನೇ ಸುಧಾರಿಸಿದರು. ಸರಿಯಾದ ಕೋನದಲ್ಲಿ, ಸರಿಯಾದ ಗುಂಡಿ ಒತ್ತಿದರೆ ಮಾತ್ರ ಬಿಡುವ, ಬೇರೆಯವರು ಎಷ್ಟು ಎಳೆದರೂ ಬಿಡದ ಹೋಲ್‌ಸ್ಟರ್‌ಗಳು ಬಂದವು. ಇಂಥ ಒರೆಗೆ ಬೆಲೆ ಇದೆ, ಅಭ್ಯಾಸವೂ ಬೇಕು. ಅಭ್ಯಾಸವಿಲ್ಲದವನಿಗೆ ಅವನ ಒರೆಯೇ ಆಯುಧ ಬಿಟ್ಟುಕೊಡುವುದಿಲ್ಲ.

ಅಂತರದ ಲೆಕ್ಕವೂ ಇದೆ. ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟುಲ್ಲರ್ 1983ರಲ್ಲಿ ಬರೆದ ಲೇಖನ ಇಂದಿಗೂ ಪಾಠವಾಗಿದೆ. ಚಾಕು ಹಿಡಿದು ಓಡಿಬರುವವನು 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಮುಗಿಸುತ್ತಾನೆ; ತರಬೇತಾದ ಪೊಲೀಸನಿಗೆ ಪಿಸ್ತೂಲು ತೆಗೆದು ಹೊಡೆಯಲೂ ಅಷ್ಟೇ ಹೊತ್ತು ಬೇಕು. ನಮ್ಮಲ್ಲಿ ಗಲಾಟೆ ಶುರುವಾಗುವುದು 21 ಅಡಿಯಿಂದಲ್ಲ. ಎದೆಗೆ ಎದೆ ತಾಗಿಸಿ, ಕೊರಳಪಟ್ಟಿಗೆ ಕೈಹಾಕಿ. ಅಷ್ಟು ಹತ್ತಿರದಲ್ಲಿ ಸೊಂಟದ ಆಯುಧ ಇಬ್ಬರಿಗೂ ಸಮ ದೂರದಲ್ಲಿರುತ್ತದೆ. ನಮ್ಮ ಪೊಲೀಸ್ ಪೇದೆಗಳು ಜಾತ್ರೆಯ ಬಂದೋಬಸ್ತಿಗೆ ಲಾಠಿ ಹಿಡಿದು ನಿಲ್ಲುವುದನ್ನು ಬಡತನ ಎಂದು ನೋಡುವವರಿದ್ದಾರೆ. ನನಗೆ ಅದು ವಿವೇಕವಾಗಿ ಕಾಣುತ್ತದೆ: ನೂಕುನುಗ್ಗಲಿನಲ್ಲಿ ಕಿತ್ತುಕೊಳ್ಳಲಾಗದ ಪಿಸ್ತೂಲೆಂದರೆ ಅಲ್ಲಿಗೆ ತಾರದ ಪಿಸ್ತೂಲು.

ಗನ್‌ಮ್ಯಾನ್‌ಗಳ ವಿಷಯಕ್ಕೆ ಈ ಅಳತೆ ಹಚ್ಚಿದರೆ ಅನೇಕರು ನಪಾಸು. ಆಯುಧ ಎಳೆಯುವ ಕೈ ಖಾಲಿ ಇರಬೇಕೆಂಬುದು ಈ ಕಸುಬಿನ ಮೊದಲ ಪಾಠ. ನಮ್ಮ ಗನ್‌ಮ್ಯಾನ್‌ನ ಬಲಗೈಯಲ್ಲಿ ಸಾಹುಕಾರರ ಮೊಬೈಲು, ಎಡಗೈಯಲ್ಲಿ ಅವರಿಗೆ ಹೊದಿಸಿದ ಶಾಲು, ಕಂಕುಳಲ್ಲಿ ಹಾರ. ಕಾರಿನ ಬಾಗಿಲು ತೆಗೆಯುವವನೂ ಜನರನ್ನು ತಳ್ಳುವವನೂ ಅವನೇ. ಸಿಟ್ಟು ಯಜಮಾನರದ್ದು, ಟ್ರಿಗರ್ ಆಳಿನದು. ಹತೋಟಿ ಯಾರದೆಂದು ಹೇಳುವುದೇ ಕಷ್ಟ. ಲೈಸೆನ್ಸ್ ಮಾತ್ರ ಅದರಲ್ಲಿ ಹೆಸರಿರುವವನದು, ಅದರಲ್ಲಿ ಬರೆದ ಉದ್ದೇಶಕ್ಕೆ. ಗುಂಡು ಹಾರಿದ ದಿನ ನ್ಯಾಯಾಲಯ ಕೇಳುವುದು ಅದನ್ನೇ.

ಮೈಮೇಲೆ ಇಲ್ಲದ ಹೊತ್ತಿನಲ್ಲೂ ಆಯುಧ ಅಂಕೆಯಲ್ಲಿರಬೇಕು. 2024ರ ಅಕ್ಟೋಬರ್ 1ರಂದು ಮುಂಬೈಯಲ್ಲಿ ನಟ ಗೋವಿಂದ ಅವರ ಲೈಸೆನ್ಸಿನ ರಿವಾಲ್ವರ್ ಕೈಜಾರಿ, ಗುಂಡು ಅವರ ಕಾಲಿಗೇ ಹೊಕ್ಕಿತು. ಹಳೆಯ ಮಾದರಿಯ ರಿವಾಲ್ವರುಗಳಲ್ಲಿ ಕುದುರೆಯ ಮೊನೆ ತುಂಬಿದ ತೋಟಾದ ಬೆನ್ನಿಗೇ ಕೂತಿರುತ್ತದೆ. ಕುದುರೆಯ ಮೇಲೆ ಪೆಟ್ಟು ಬಿದ್ದರೆ ಸಾಕು. ಆರು ಗುಂಡಿನ ರಿವಾಲ್ವರಿನಲ್ಲಿ ಐದೇ ತುಂಬಿ, ಕುದುರೆಯ ಕೆಳಗಿನ ಕೋಣೆ ಖಾಲಿ ಬಿಡುವ ಹಳಬರ ರೂಢಿ ಬಂದದ್ದು ಈ ಕಾರಣಕ್ಕೆ. ಪಿಸ್ತೂಲಿನ ಗುಣ ಬೇರೆ: ಮ್ಯಾಗಜೀನ್ ಹೊರಗೆ ತೆಗೆದ ಮೇಲೂ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಮೊದಲು ಮ್ಯಾಗಜೀನ್, ಆಮೇಲೆ ಚೇಂಬರ್, ಆಮೇಲೆ ಬೆರಳು ತೂರಿಸಿ ಮುಟ್ಟಿ ನೋಡುವುದು. ಈ ಕ್ರಮ ತಪ್ಪಿದರೆ ಖಾಲಿ ಪಿಸ್ತೂಲಿನಿಂದಲೂ ಜನ ಸಾಯುತ್ತಾರೆ.

ಮನೆಯೊಳಗಿನ ಆಯುಧ ಹೊರಗೆ ಬರಲು ನಮ್ಮಲ್ಲಿ ಒಂದು ಗೊತ್ತಾದ ದಿನವೇ ಇದೆ, ಆಯುಧ ಪೂಜೆ. ಮಹಾನವಮಿ ದಿಬ್ಬದ ಊರಿನಲ್ಲಿ ಆ ಪೂಜೆ ಬೇಡವೆಂದು ಯಾರೂ ಹೇಳಲಾರರು. ವರ್ಷವಿಡೀ ಬೀರುವಿನಲ್ಲಿದ್ದ ಕೋವಿ, ರಿವಾಲ್ವರ್ ಅಂದು ಹೊರಗೆ ಬಂದು ಮಣೆಯ ಮೇಲೆ ಕುಂಕುಮ ಹಚ್ಚಿಸಿಕೊಳ್ಳುತ್ತವೆ. ಸುತ್ತ ಮಕ್ಕಳು, ನೆಂಟರು, ಮೊಬೈಲ್ ಹಿಡಿದವರು. ಗುಂಡುಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟ ಮೇಲಷ್ಟೇ ಆಯುಧ ದೇವರ ಮುಂದೆ ಬರಲಿ. ಚುನಾವಣೆ ಘೋಷಣೆಯಾದಾಗ ಆಯುಧವನ್ನು ಠಾಣೆಯಲ್ಲಿ ಠೇವಣಿ ಇಡಿ ಎಂದು ಬರುವ ಆದೇಶಕ್ಕೆ ಗೊಣಗುವವರು ಬಹಳ. ಕಂಪ್ಲಿ ಕಡೆ ಕಬ್ಬು, ಬಾಳೆಗೆ ಹಂದಿ ಕಾಯುವ ರೈತನ ಗೊಣಗಾಟದಲ್ಲಿ ಅರ್ಥವಿದೆ: ಅವನ ಒಂಟಿ ನಳಿಗೆ ಕೋವಿ ಬೆಳೆಯ ಕಾವಲಿಗೆ ಸಿಕ್ಕದ್ದು, ಸಂದರ್ಭ ನೋಡಿ ವಿನಾಯಿತಿ ಕೊಡುವ ಪರಿಶೀಲನಾ ಸಮಿತಿ ಇರುವುದೂ ಅಂಥವರಿಗೆ. ಪೇಟೆಯ ರಿವಾಲ್ವರಿಗೆ ಅಂಥ ಕಾರಣವಿಲ್ಲ.

ಹಾಗಾದರೆ ಕಟ್ಟಿಕೊಳ್ಳಲೇಬೇಕೆ? 2025ರ ಮಾರ್ಚಿನಲ್ಲಿ ನದಿಯಾಚೆ ಸಾಣಾಪುರದ ಕಾಲುವೆ ದಂಡೆಯಲ್ಲಿ ಪ್ರವಾಸಿಗರ ಮೇಲೆ ಘೋರ ಹಲ್ಲೆ ನಡೆದ ಮೇಲೆ ಹಂಪಿಯ ಸುತ್ತಮುತ್ತ ಈ ಪ್ರಶ್ನೆಗೆ ಬಿಸಿ ಬಂದಿದೆ. ಆ ಭಯ ಸುಳ್ಳಲ್ಲ. ಆದರೆ ಬೈಕಿನಲ್ಲಿ ಬಂದು ಮಾತಿಗೆ ನಿಂತು ಹತ್ತಿರ ಸೇರಿದವರ ಎದುರು ಟುಲ್ಲರ್ ಅವರ ಒಂದೂವರೆ ಸೆಕೆಂಡು ಕೂಡ ಸಿಗುವುದಿಲ್ಲ. ದೀಪ, ಗಸ್ತು, ಕತ್ತಲಲ್ಲಿ ಒಂಟಿ ಜಾಗಕ್ಕೆ ಕರೆದೊಯ್ಯದ ಎಚ್ಚರ ಮಾಡುವ ಕೆಲಸವನ್ನು ಹೋಂಸ್ಟೇ ಮಾಲೀಕರ ಸೊಂಟದ .32 ಮಾಡಲಾರದು. ದರೋಜಿ ಕರಡಿಧಾಮದ ಅಂಚಿನವರು ಕರಡಿಯ ಹೆಸರು ಹೇಳುತ್ತಾರೆ. ಮೈಮೇಲೆ ಬಿದ್ದ ಕರಡಿಯನ್ನು ನಿಲ್ಲಿಸುವ ಬಲ .32ರ ಪುಟ್ಟ ಗುಂಡಿಗಿಲ್ಲ. ಗಾಯಗೊಂಡ ಕರಡಿ ಮೊದಲಿಗಿಂತ ಕೆಟ್ಟದ್ದು.

ನಿಜವಾದ ಜೀವಭಯ ಇರುವವರು ಇದ್ದಾರೆ. ಅವರಿಗೆ ನನ್ನ ಆಯ್ಕೆ ಬಲಸೊಂಟದ, ಟ್ರಿಗರ್ ಮುಚ್ಚುವ, ಗಟ್ಟಿ ಹಿಡಿತದ ಒರೆ, ದಪ್ಪ ಬೆಲ್ಟು, ಮೇಲೆ ಸಡಿಲ ಅಂಗಿ. ಉಳಿದವರಿಗೆ ಮನೆಯ ತಿಜೋರಿ. ಲೈಸೆನ್ಸಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕೆಂದು 2016ರ ನಿಯಮಗಳಲ್ಲೇ ಇದೆ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ, ಹೆಸರೇ ಹೇಳುವಂತೆ, ಉದ್ದ ನಳಿಗೆಯ ಬಂದೂಕಿನದು. ಅದಕ್ಕೆ ಒಂದೇ ಒಂದು ದಿನ ಸೇರಿಸಿ ಕೈಬಂದೂಕನ್ನು ಒರೆಗೆ ಹಾಕುವುದು, ತೆಗೆಯುವುದು, ಕಿತ್ತುಕೊಳ್ಳಲು ಬಂದವನಿಂದ ಕಾಯುವುದು, ಖಾಲಿ ಮಾಡುವುದು ಇಷ್ಟನ್ನು ಕಲಿಸಬಹುದು. ವಿಜಯನಗರ, ಬಳ್ಳಾರಿ ಎರಡೂ ಜಿಲ್ಲೆಯ ಅಧಿಕಾರಿಗಳಲ್ಲಿ ಕೇಳಿಕೊಳ್ಳುವುದಿಷ್ಟೇ: ನವೀಕರಣಕ್ಕೆ ಬಂದವರನ್ನು ಆಯುಧದ ನಂಬರು, ಗುಂಡಿನ ಲೆಕ್ಕ ಕೇಳುವಾಗ ಹೋಲ್‌ಸ್ಟರನ್ನೂ ಮೇಜಿನ ಮೇಲಿಡಿ ಎನ್ನಿ. ಹೋಲ್‌ಸ್ಟರ್ ಇಲ್ಲದವರಿಗೆ ಮುಂದಿನ 5 ವರ್ಷ ಕೊಡಬೇಡಿ.